ಬಸಳೆ ಚಪ್ಪರದ ಬುಲ್‌ಬುಲ್

೧೯೯೭ರ ಮಾತು. ನಾವು ಆಗ ಕತಾರಿನ ಉಮ್ಮ್ ಸಲಾಲ್‌ನಲ್ಲಿದ್ದೆವು. ನನ್ನ ಗಂಡ ಉಮರ್ ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟ್ ಕಟ್ಟುತ್ತಿದ್ದ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ವಾರವಿಡೀ ಅಲ್ಲಿಯ ಕ್ಯಾಂಪಿನಲ್ಲೇ ವಾಸ. ಗುರುವಾರ ಸಂಜೆ ಮನೆಗೆ ಬಂದರೆ ಶನಿವಾರ ಬೆಳಗಾಗುವ ಮೊದಲೇ ಮತ್ತೆ ಕಂಪನಿ ಬಸ್ಸು. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನೊಬ್ಬಳೇ. ಮನೆ ಎಂದರೆ ಒಬ್ಬ ಅರಬನ ಹಳೆಯ ವಿಲ್ಲಾದ ಹಿಂಭಾಗ: ಒಂದು ಹಾಲು, ಒಂದು ಕೋಣೆ, ಅಡಿಗೆಮನೆ, ಹಿಂದೆ ಎತ್ತರದ ಗೋಡೆ ಸುತ್ತಿದ ಒಂದಿಷ್ಟು ಮರಳಿನ ಅಂಗಳ.

ಆ ಅಂಗಳದಲ್ಲಿ ನಾನು ಬಸಳೆ ಬೆಳೆಸಿದ್ದೆ. ನಮ್ಮದು ಬಂಟ್ವಾಳದ ಕಡೆ. ಬಸಳೆ ಇಲ್ಲದೆ ನಮಗೆ ವಾರ ಕಳೆಯುವುದಿಲ್ಲ. ಊರಿನಿಂದ ಹೊರಡುವಾಗ ಹೆತ್ತ ಉಮ್ಮ ಎರಡು ಬಸಳೆ ದಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಸೀರೆಗಳ ನಡುವೆ ಇಟ್ಟಿದ್ದರು. ಅದನ್ನು ತಂದು ಅಂಗಳದ ಕಡೆಯ ಕಿಟಕಿಯ ಎ.ಸಿ.ಯಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ ಊರಿದೆ. ಹಗಲೂ ರಾತ್ರಿ ಎ.ಸಿ. ಓಡುವ ದೇಶ, ನೀರಿಗೆ ಬರವಿಲ್ಲ. ಪಕ್ಕದ ತೋಟದಿಂದ ಆಡಿನ ಗೊಬ್ಬರ ತರಿಸಿದೆ. ಮುರಿದ ಟಿವಿ ಆಂಟೆನಾದ ಕಂಬ, ಖರ್ಜೂರದ ಗರಿಯ ದಂಟು, ಹಳೆಯ ತಂತಿ, ಸಿಕ್ಕಿದ್ದೆಲ್ಲ ಸೇರಿಸಿ ಚಪ್ಪರ ಹಾಕಿದೆ. ಎರಡೇ ವರ್ಷದಲ್ಲಿ ಅದು ಹೇಗೆ ಹಬ್ಬಿತೆಂದರೆ ಅದರ ಕೆಳಗೆ ಕುರ್ಚಿ ಹಾಕಿ ಕೂರುವಷ್ಟು ನೆರಳು. ಎಲೆಗಳೋ, ಒಂದೊಂದೂ ಅಂಗೈಯಗಲ.

ನಮ್ಮ ಬಸಳೆಯ ಸುದ್ದಿ ದೋಹಾದಲ್ಲಿದ್ದ ಊರಿನವರಿಗೆಲ್ಲ ಗೊತ್ತಿತ್ತು. ಉಡುಪಿ ಕಡೆಯ ವಿಮಲಕ್ಕ ಅಲ್ಲಿಯ ನಜ್ಮಾ ಬಡಾವಣೆಯಲ್ಲಿದ್ದರು. ಎರಡು ವಾರಕ್ಕೊಮ್ಮೆ ಅವರ ಫೋನು ಗ್ಯಾರಂಟಿ. “ಆಯಿಶಾ, ಒಂದು ಕಟ್ಟು ಬಸಳೆ ಕೊಡ್ಲಿಕ್ಕೆ ಉಂಟಾ ಮಾರಾಯ್ತಿ?” ನಾನೂ ಇಲ್ಲವೆನ್ನುತ್ತಿರಲಿಲ್ಲ. ಕೊಡುವಾಗ ಸಂತೋಷವೇ ಆಗುತ್ತಿತ್ತು. ಅಷ್ಟು ದೂರ ಬಂದು ಊರಿನ ಒಂದು ಸೊಪ್ಪು ತಿಂದರೆ ಮನುಷ್ಯರ ಮುಖ ಹೇಗೆ ಅರಳುತ್ತದೆ ಎಂದು ನೋಡಿದವಳು ನಾನು.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಚಪ್ಪರದೊಳಗೆ ಒಂದು ಜೋಡಿ ಬುಲ್‌ಬುಲ್ ಓಡಾಡತೊಡಗಿತು. ನಮ್ಮೂರಿನ ಬುಲ್‌ಬುಲ್ಲಿಗೆ ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಇಲ್ಲಿಯದಕ್ಕೆ ಬಾಲದ ಬುಡ ಹಳದಿ, ತಲೆ ಕಪ್ಪು, ಎರಡು ಕೆನ್ನೆಗೂ ಪೌಡರ್ ಬಳಿದ ಹಾಗೆ ಬಿಳಿ. ಬಾಯಿ ಮಾತ್ರ ಎರಡಕ್ಕೂ ಒಂದೇ, ಸುಮ್ಮನಿರುವ ಜಾತಿಯೇ ಅಲ್ಲ. ಬಟ್ಟೆ ಒಣಹಾಕಲು ಹೋದರೆ ನನ್ನನ್ನೇ ಬೈಯುತ್ತಿದ್ದವು. ನಾನೂ ಬೈಯುತ್ತಿದ್ದೆ. ವಾರವಿಡೀ ಮಾತಾಡಲು ಜನವಿಲ್ಲದ ಮನೆಯಲ್ಲಿ ಅದೂ ಒಂದು ಮಾತುಕತೆ.

ಖರ್ಜೂರದ ನಾರು, ಬ್ರೆಡ್ಡಿನ ಪ್ಯಾಕೆಟ್ಟಿನ ಚೂರು, ನನ್ನ ಹಳೆಯ ದಿಂಬಿನಿಂದ ಹೊರಬಂದಿದ್ದ ಹತ್ತಿ, ಇಷ್ಟರಲ್ಲಿ ಒಂದು ಬಟ್ಟಲಿನಷ್ಟು ಗೂಡು ತಯಾರಾಯಿತು. ಚಪ್ಪರದ ಮಧ್ಯಕ್ಕೆ, ಎಲೆಗಳ ಕೆಳಗೆ, ಎರಡು ತಂತಿ ಸೇರುವ ಕಡೆ. ಸ್ಟೂಲು ಹತ್ತಿ ಇಣುಕಿದರೆ ಮೂರು ಮೊಟ್ಟೆ, ತಿಳಿ ಗುಲಾಬಿ ಬಣ್ಣ, ಮೇಲೆ ಕೆಂಪು ಚುಕ್ಕಿ. ಆ ದಿನದಿಂದ ನಾನು ಬಸಳೆ ಕುಯ್ಯುವುದನ್ನು ನಿಲ್ಲಿಸಿದೆ.

ವಿಮಲಕ್ಕ ಫೋನು ಮಾಡಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಚಪ್ಪರದಲ್ಲಿ ಹಕ್ಕಿ ಗೂಡು ಕಟ್ಟಿದೆ ವಿಮಲಕ್ಕ. ಮರಿ ಹಾರುವವರೆಗೆ ಒಂದು ಎಲೆಯೂ ಕುಯ್ಯುವುದಿಲ್ಲ.”

“ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳಿದ್ರೆ ಸಾಕಿತ್ತು ಮಾರಾಯ್ತಿ. ಹಕ್ಕಿಯ ನೆಪ ಎಂತಕ್ಕೆ?” ಎಂದರು ಅವರು, ನಗುತ್ತಾ. ನಗುವಿನೊಳಗಿದ್ದ ಚುಚ್ಚು ನನಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ಸಲ ಕೊಟ್ಟವಳಿಗೆ ಒಂದು ಸಲ ಇಲ್ಲ ಎಂದದ್ದಕ್ಕೆ ಜಿಪುಣಿ ಪಟ್ಟ! ಮೈ ಉರಿಯಿತು. ಫೋನು ಇಟ್ಟ ಮೇಲೆ ಅರ್ಧ ಗಂಟೆ ಪಾತ್ರೆ ಸದ್ದು ಮಾಡುತ್ತಾ ತೊಳೆದೆ.

ಮರಿಗಳು ಹೊರಬಂದವು. ಮೊದಲು ನೋಡಿದಾಗ, ಸುಳ್ಳೇಕೆ ಹೇಳಲಿ, ಚಂದ ಏನೂ ಕಾಣಲಿಲ್ಲ. ಕೂದಲಿಲ್ಲದ ಕೆಂಪು ಮಾಂಸದ ಮುದ್ದೆ, ದೊಡ್ಡ ಬಾಯಿ. ಆದರೆ ತಾಯಿ ತಂದೆ ಎರಡೂ ಆ ಬಿಸಿಲಿನಲ್ಲಿ ಎಲ್ಲಿಂದಲೋ ಮಿಡತೆ ಹಿಡಿದು ತರುತ್ತಿದ್ದ ಪಾಡು ನೋಡಿ ನನಗೆ ಕಣ್ಣು ತುಂಬಿ ಬರುತ್ತಿತ್ತು. ನಾನು ಖರ್ಜೂರವನ್ನು ಚೂರು ಮಾಡಿ ಗೋಡೆಯ ಮೇಲಿಡುತ್ತಿದ್ದೆ. ಬಸಳೆಯ ಎಲೆಗಳು ಗೂಡಿನ ಮೇಲೆ ದಪ್ಪಗೆ ಮುಚ್ಚಿಕೊಂಡಿದ್ದವು. ಹೊರಗೆ ತಗಡು ಮುಟ್ಟಿದರೆ ಕೈ ಸುಡುವ ಹೊತ್ತಿನಲ್ಲೂ ಒಳಗೆ ತಂಪಿರುತ್ತಿತ್ತು.

ಒಂದು ಗುರುವಾರ ಸಂಜೆ ಕ್ಯಾಂಪಿನಿಂದ ಬಂದ ಇವರಿಗೂ ಸ್ಟೂಲು ಹತ್ತಿಸಿ ತೋರಿಸಿದೆ. ಮರಿಗಳಿಗೆ ಆಗ ಗರಿ ಮೂಡುತ್ತಿತ್ತು.

“ಚಂದ ಉಂಟು,” ಎಂದರು.

“ಚಪ್ಪರ ಯಾರೂ ಮುಟ್ಟಬಾರದು. ಗೊತ್ತಾಯ್ತಲ್ಲ?”

“ಯಾರು ಮುಟ್ತಾರೆ ಮಾರಾಯ್ತಿ ನಿನ್ನ ಚಪ್ಪರ?”

ಮರುದಿನ ಶುಕ್ರವಾರ. ಜುಮಾ ನಮಾಜು ಮುಗಿಸಿ ಹಾಜಿಯವರು ಊಟಕ್ಕೆ ಬರುವವರಿದ್ದರು. ಈ ಹಾಜಿಯವರ ಬಗ್ಗೆ ಹೇಳಬೇಕು. ನಜ್ಮಾದಲ್ಲಿ ಅವರಿಗೆ ದೊಡ್ಡ ಬಟ್ಟೆ ಅಂಗಡಿ. ನಮ್ಮ ಊರಿನವರೇ, ಕತಾರಿನಲ್ಲೇ ತಲೆ ನರೆದವರು. ಇವರಿಗೆ ಮೊದಲ ವೀಸಾ ಕಳಿಸಿದವರು ಅವರು. ಗಲ್ಫಿನಲ್ಲಿ ಇದ್ದವರಿಗೆ ಇದರ ತೂಕ ಗೊತ್ತು. ವೀಸಾ ಕೊಟ್ಟವರು ಎಂದರೆ ಹೆತ್ತ ತಂದೆಗಿಂತ ಒಂದು ಮೆಟ್ಟಿಲು ಮೇಲೆ. ಅವರು ಬಾ ಎಂದರೆ ಹೋಗಬೇಕು, ಕೂರು ಎಂದರೆ ಕೂರಬೇಕು. ಇಲ್ಲ ಎಂಬ ಮಾತು ಅವರ ಎದುರು ನನ್ನ ಗಂಡನ ಬಾಯಿಯಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಹಾಜಿಯವರು ಕೆಟ್ಟವರೇನಲ್ಲ, ಅದನ್ನೂ ಹೇಳುತ್ತೇನೆ. ಎಷ್ಟೋ ಮನೆಗಳ ಒಲೆ ಅವರಿಂದ ಉರಿದಿದೆ. ಆದರೆ ಅವರು ಕೈಯಿಟ್ಟದ್ದೆಲ್ಲ ಅವರದೇ ಎಂದು ಜನ ಒಪ್ಪಿಕೊಂಡಿದ್ದರು, ಅವರೂ ಒಪ್ಪಿಕೊಂಡಿದ್ದರು.

ಜೊತೆಗೆ ಅವರ ಇಬ್ಬರು ಅಳಿಯಂದಿರು ಬಂದಿದ್ದರು. ನಾನು ಬೆಳಗಿನಿಂದ ನಿಂತು ತುಪ್ಪದ ಅನ್ನ, ಕೋಳಿ ಸುಕ್ಕ, ಮೀನು ಹುರಿದದ್ದು ಎಲ್ಲ ಮಾಡಿದ್ದೆ. ಗಂಡಸರು ಹಾಲಿನಲ್ಲಿ ಕೂತರು. ನಮ್ಮಲ್ಲಿ ಹೊರಗಿನ ಗಂಡಸರಿದ್ದಾಗ ಹೆಂಗಸರು ಎದುರು ಬರುವುದಿಲ್ಲ. ಪಾತ್ರೆಗಳನ್ನು ಪರದೆಯ ಈಚೆಯಿಂದ ಕೊಟ್ಟರೆ ಇವರು ಆಚೆ ತೆಗೆದುಕೊಂಡು ಹೋಗುತ್ತಿದ್ದರು. ಅಂಗಳಕ್ಕೆ ಹೋಗುವ ಬಾಗಿಲು ಇದ್ದದ್ದು ಹಾಲಿನಲ್ಲಿ. ಹಾಗಾಗಿ ಶುಕ್ರವಾರ ಮಧ್ಯಾಹ್ನ ನನಗೆ ಅಂಗಳವೆಂಬುದು ಬೇರೆ ದೇಶದ ಹಾಗೆ. ಅಡಿಗೆಮನೆಯಲ್ಲಿ ಕಿಟಕಿಯೂ ಇರಲಿಲ್ಲ, ಗೋಡೆಯ ಮೇಲೆ ಒಂದು ಎಕ್ಸಾಸ್ಟ್ ಫ್ಯಾನು ಮಾತ್ರ.

ಊಟ ಮುಗಿದ ಸದ್ದು ಕೇಳಿಸಿತು. ಇವರು ಪರದೆ ಸರಿಸಿ, “ಖಾಲಿ ಅಕ್ಕಿ ಗೋಣಿ ಉಂಟಾ?” ಎಂದರು.

“ಎಂತಕ್ಕೆ?”

“ಕೊಡು, ಆಮೇಲೆ ಹೇಳ್ತೇನೆ.”

ಮೂಲೆಯಲ್ಲಿದ್ದ ಎರಡು ಗೋಣಿ ತೆಗೆದುಕೊಟ್ಟೆ. ಹಾಜಿಯವರು ಏನೋ ಸಾಮಾನು ತಂದಿರಬೇಕು, ಅದಕ್ಕಿರಬೇಕು ಎಂದುಕೊಂಡೆ. ಚಹಾಕ್ಕೆ ನೀರಿಟ್ಟೆ. ಸಕ್ಕರೆ ಹಾಕುವಾಗ ಫ್ಯಾನಿನ ತೂತಿನಿಂದ ಬುಲ್‌ಬುಲ್‌ನ ಕೂಗು ಕೇಳಿಸಿತು. ನನ್ನನ್ನು ಬೈಯುವ ದಿನನಿತ್ಯದ ಕೂಗು ಅದಲ್ಲ. ಬಿಡದೆ, ಉಸಿರು ತೆಗೆದುಕೊಳ್ಳದೆ, ಎರಡೂ ಒಟ್ಟಿಗೆ ಕಿರುಚುತ್ತಿದ್ದವು. ಕೈಯಲ್ಲಿದ್ದ ಚಮಚ ಅಲ್ಲೇ ಬಿಟ್ಟೆ. ಗೋಣಿ ಎಂತಕ್ಕೆ ಎಂದು ಆಗ ಹೊಳೆಯಿತು.

ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆ ಸರಿಸಿ ಹೊರಟೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಅಂಗಳದ ಬಾಗಿಲು ತೆರೆದಿತ್ತು.

ಚಪ್ಪರ ಇರಲಿಲ್ಲ. ಎಂದರೆ ಕಂಬ ಇತ್ತು, ತಂತಿ ಇತ್ತು. ಬಸಳೆ ಇರಲಿಲ್ಲ. ಬುಡದಲ್ಲಿ ಒಂದೊಂದು ಗೇಣು ದಂಟು ಬಿಟ್ಟು ಎಲ್ಲವನ್ನೂ ಕೊಯ್ದು ಎಳೆದಿದ್ದರು. ಅಳಿಯಂದಿರು ಶರಟಿನ ತೋಳು ಮಡಿಸಿ ಗೋಣಿಗೆ ತುರುಕುತ್ತಿದ್ದರು. ಹಾಜಿಯವರು ಗೋಡೆಯ ನೆರಳಿನಲ್ಲಿ ನನ್ನದೇ ಕುರ್ಚಿಯಲ್ಲಿ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದರು. ಮೇಲೆ, ಬರಿ ತಂತಿಯ ನಡುವೆ, ಆ ಸುಡುವ ಬಿಸಿಲಿಗೆ ನೇರವಾಗಿ ಗೂಡು. ಅದರಲ್ಲಿ ಎರಡು ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಮೂರನೆಯದು ಕೆಳಗೆ ಮರಳಿನ ಮೇಲೆ ಬಿದ್ದಿತ್ತು. ಬಳ್ಳಿ ಎಳೆಯುವಾಗ ಗೂಡು ವಾಲಿರಬೇಕು.

“ಯಾರು ಕೊಯ್ಯಲು ಹೇಳಿದ್ದು?” ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಅಳಿಯಂದಿರು ನನ್ನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಇವರು ಓಡಿ ಬಂದು ಮೆಲ್ಲಗೆ, “ಆಯಿಶಾ, ಒಳಗೆ ಹೋಗು,” ಎಂದರು.

“ಒಳಗೆ ಹೋಗುವುದಿಲ್ಲ. ಯಾರು ಹೇಳಿದ್ದು?”

“ನಾನೇ ಹೇಳಿದ್ದು. ಹಾಜಿಯವರ ಕಿರಿಯ ಮಗಳನ್ನು ನೋಡ್ಲಿಕ್ಕೆ ಬಹ್ರೇನಿನಿಂದ ಬೀಗರು ಬಂದಿದ್ದಾರೆ. ಊರಿನ ಬಸಳೆ ತಿನ್ನದೆ ಎಷ್ಟೋ ವರ್ಷ ಆಯ್ತಂತೆ. ಹಾಜಿಯವರು ಬಾಯಿಬಿಟ್ಟು ಕೇಳಿದ್ರು. ಇಲ್ಲ ಅಂತ ಹೇಗೆ ಹೇಳುವುದು?” ಆಮೇಲೆ, ನನ್ನನ್ನು ಸಮಾಧಾನಪಡಿಸಲೆಂದು, ಇನ್ನೂ ಒಂದು ಮಾತು ಸೇರಿಸಿದರು: “ಗೂಡು ಮುಟ್ಟಬೇಡಿ ಅಂತ ನಾನು ಮೊದಲೇ ಹೇಳಿದ್ದೇನೆ. ನೋಡು, ಗೂಡು ಅಲ್ಲೇ ಉಂಟಲ್ಲ!”

ಗೂಡು ಅಲ್ಲೇ ಉಂಟಲ್ಲ! ಪಿತ್ತ ನೆತ್ತಿಗೇರಿತು ನನಗೆ. ಮನೆಯ ಮಾಡು ಕಿತ್ತುಕೊಂಡು ಹೋಗಿ, ಗೋಡೆ ಮುಟ್ಟಲಿಲ್ಲವಲ್ಲ ಎಂದು ಹೇಳುವವರಿಗೆ ಏನು ಉತ್ತರ ಕೊಡುವುದು? ಸ್ಟೋರಿನಲ್ಲಿ ಸಾವಿರ ಸಾಮಾನು ನೋಡಿಕೊಳ್ಳುವ ಮನುಷ್ಯನಿಗೆ ಒಂದು ಎಲೆ ಯಾಕೆ ಅಲ್ಲಿದೆ ಎಂದು ಗೊತ್ತಾಗಲಿಲ್ಲವೇ?

ಹಾಜಿಯವರು ಕುರ್ಚಿಯಿಂದ ಏಳದೆಯೇ, “ಬಿಡು ಮಗಳೇ. ಬಸಳೆ ಅಲ್ವಾ, ಹದಿನೈದು ದಿನದಲ್ಲಿ ಪುನಃ ಚಿಗುರ್ತದೆ,” ಎಂದರು.

“ಬಸಳೆ ಚಿಗುರ್ತದೆ ಹಾಜಿಯವರೇ. ಮರಿ ಸತ್ತರೆ ಚಿಗುರ್ತದಾ?”

ಗೋಣಿ ತುಂಬುತ್ತಿದ್ದ ಕೈಗಳು ನಿಂತವು. ಹಕ್ಕಿಗಳು ಮಾತ್ರ ಗೋಡೆಯ ಮೇಲೆ ಕಿರುಚುತ್ತಲೇ ಇದ್ದವು. ಹಾಜಿಯವರ ಎದುರು ಹೀಗೆ ಯಾರೂ ಮಾತಾಡಿರಲಿಕ್ಕಿಲ್ಲ, ಅದೂ ಒಬ್ಬಳು ಹೆಂಗಸು. ಅವರ ಮುಖ ಕೆಂಪಾಯಿತು. ನನ್ನ ಕಡೆ ನೋಡದೆ ಇವರ ಕಡೆ ತಿರುಗಿ, “ಉಮರ್, ನಿನಗೆ ವೀಸಾ ಕಳಿಸುವಾಗ ನಾನು ಇಷ್ಟು ಲೆಕ್ಕ ಹಾಕಿರಲಿಲ್ಲ,” ಎಂದರು.

ಇವರ ತಲೆ ತಗ್ಗಿತು. ಅದನ್ನು ನೋಡಿ ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಇನ್ನೂ ಕೋಪ ಬಂತು. ವೀಸಾ ಕೊಟ್ಟದ್ದು ಇವರಿಗೆ. ಆ ಹಕ್ಕಿಗೆ ಯಾರೂ ವೀಸಾ ಕೊಟ್ಟಿರಲಿಲ್ಲ, ಅದು ಯಾರ ಋಣದಲ್ಲೂ ಇರಲಿಲ್ಲ.

ಮಾತಾಡಿ ಪ್ರಯೋಜನವಿರಲಿಲ್ಲ, ಮರಿಗಳು ಬೇಯುತ್ತಿದ್ದವು. ಬಿದ್ದಿದ್ದ ಮರಿಯನ್ನು ಎತ್ತಿಕೊಂಡೆ. ಮೈ ಬಿಸಿ ಕಾವಲಿಯ ಹಾಗಿತ್ತು, ಎದೆ ಪಟಪಟ ಹೊಡೆಯುತ್ತಿತ್ತು. ಸ್ಟೂಲು ಎಳೆದು ಹತ್ತಿ ಅದನ್ನು ಗೂಡಿಗಿಟ್ಟೆ. ಇನ್ನು ನೆರಳು ಬೇಕು. ಒಣಹಾಕಿದ ಬಟ್ಟೆ ಒಂದೂ ಇರಲಿಲ್ಲ, ಅತಿಥಿಗಳು ಬರುತ್ತಾರೆಂದು ಬೆಳಿಗ್ಗೆಯೇ ತೆಗೆದಿಟ್ಟಿದ್ದೆ. ಒಳಗೆ ಓಡಿದೆ. ಹಾಲಿನ ಗೋಡೆಯ ಮೊಳೆಗೆ ಹಾಜಿಯವರ ತಲೆಯ ಶಾಲು ನೇತಾಡುತ್ತಿತ್ತು. ಊಟಕ್ಕೆ ಕೂರುವ ಮೊದಲು ತೆಗೆದಿಟ್ಟಿದ್ದರು. ಅಗಲವಾದ ಬಿಳಿ ಬಟ್ಟೆ, ಜುಮಾಕ್ಕೆಂದು ಇಸ್ತ್ರಿ ಹಾಕಿದ್ದು. ಕೋಣೆಗೆ ಹೋಗಿ ಕಪಾಟು ತೆರೆದರೆ ನನ್ನ ಬೆಡ್‌ಶೀಟುಗಳಿದ್ದವು. ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಶಾಲನ್ನು ಎಳೆದುಕೊಂಡೆ.

ಅಂಗಳಕ್ಕೆ ಬಂದು ಎಲ್ಲರ ಕಣ್ಣೆದುರೇ ಸ್ಟೂಲು ಹತ್ತಿ ಅದರ ನಾಲ್ಕು ತುದಿಯನ್ನೂ ತಂತಿಗೆ ಬಿಗಿದೆ. ಗೂಡಿನ ಮೇಲೆ ನೆರಳು ಬಿತ್ತು.

“ಅದು ಹಾಜಿಯವರ ಶಾಲು!” ಎಂದ ಹಿರಿಯ ಅಳಿಯ, ಮೈಗೆ ಬೆಂಕಿ ಬಿದ್ದವನ ಹಾಗೆ.

“ಗೊತ್ತುಂಟು. ಗೋಣಿಯಲ್ಲಿರುವುದು ಹಕ್ಕಿಯ ಬಸಳೆ. ನೀವು ಅದನ್ನು ಕೊಂಡುಹೋಗಿ, ಇದು ಇಲ್ಲಿರ್ತದೆ.”

“ಯಲ್ಲಾ, ಹೋಗುವ,” ಎಂದರು ಹಾಜಿಯವರು. ಬರಿದಲೆಯಲ್ಲಿ ಹೊರಟರು. ಅಳಿಯಂದಿರು ಗೋಣಿ ಹೊತ್ತು ಹಿಂದೆ ಹೋದರು. ಹೌದು, ಗೋಣಿ ಬಿಟ್ಟು ಹೋಗಲಿಲ್ಲ. ಆ ರಾತ್ರಿ ಬೀಗರ ತಟ್ಟೆಗೆ ನನ್ನ ಬಸಳೆ ಒಣ ಸಿಗಡಿಯ ಜೊತೆ ಬಿತ್ತು. ತುಂಬಾ ರುಚಿಯಾಗಿತ್ತಂತೆ, ವಿಮಲಕ್ಕನೇ ಆಮೇಲೆ ಹೇಳಿದರು.

ಬಿಟ್ಟ ಚಹಾ ಒಲೆಯ ಮೇಲೆ ಸೀದುಹೋಗಿತ್ತು. ನಾನು ಹಾಲಿನ ಬಾಗಿಲಲ್ಲಿ ಕೂತು ನೋಡುತ್ತಾ ಇದ್ದೆ. ತುಂಬಾ ಹೊತ್ತು ತಾಯಿ ಹಕ್ಕಿ ಹತ್ತಿರ ಬರಲಿಲ್ಲ. ಬಿಳಿ ಬಟ್ಟೆ ಕಂಡು ಹೆದರಿತ್ತು. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ. ನನ್ನ ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆದ ಮೇಲೆ ಅದು ಕೊನೆಗೂ ಶಾಲಿನ ಕೆಳಗೆ ನುಗ್ಗಿತು. ಬಾಯಲ್ಲಿ ಏನೋ ಹುಳ ಇತ್ತು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು ನನಗೆ.

ಬಿದ್ದ ಮರಿ ಸಂಜೆಯೊಳಗೆ ಸತ್ತಿತು. ತಾಯಿ ಅದರ ಬಾಯಿಗೂ ಹುಳ ಇಡಲು ನೋಡಿತು, ಅದು ಬಾಯಿ ತೆರೆಯಲಿಲ್ಲ. ಕತ್ತಲಾಗುವ ಮೊದಲು ತೆಗೆದು ಚಪ್ಪರದ ಬುಡದ ಒದ್ದೆ ಮರಳಿನಲ್ಲಿ ಹೂತೆ. ಇವರು ಬಾಗಿಲಲ್ಲಿ ನಿಂತು ನೋಡಿದರು.

“ನಾಳೆ ಫೋನು ಮಾಡಿ ಹಾಜಿಯವರ ಹತ್ತಿರ ತಪ್ಪಾಯ್ತು ಅಂತ ಹೇಳು,” ಎಂದರು.

“ನಾನು ಎಂತ ತಪ್ಪು ಮಾಡಿದೆ?”

“ಅವರ ಮರ್ಯಾದೆ ತೆಗೆದೆ. ನನ್ನದೂ.”

“ನನ್ನ ಅಂಗಳಕ್ಕೆ ಬಂದು, ನನ್ನ ಕೈಯ ಅನ್ನ ಉಂಡು, ನನ್ನನ್ನು ಒಂದು ಮಾತು ಕೇಳದೆ ಕೊಯ್ದಾಗ ನನ್ನ ಮರ್ಯಾದೆ ಎಲ್ಲಿತ್ತು? ನಾನು ಪರದೆಯ ಈಚೆಯೇ ಇದ್ದೆನಲ್ಲ, ಒಂದು ಸಲ ಕೇಳಲು ಎಷ್ಟು ಹೊತ್ತು ಬೇಕಿತ್ತು ನಿಮಗೆ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಹಾಗಾದರೆ ಗೊತ್ತಿತ್ತು ನಿಮಗೆ,” ಎಂದೆ. ಅವರು ಬಾಗಿಲಿನಿಂದ ಸರಿದು ಒಳಗೆ ಹೋದರು. ಶನಿವಾರ ನಸುಕಿನಲ್ಲಿ ನಾನು ಮಾಡಿಟ್ಟ ಚಹಾ ಕುಡಿಯದೆ ಬಸ್ಸಿಗೆ ಹೋದರು.

ಆಮೇಲಿನ ದಿನಗಳಲ್ಲಿ ನಾನು ಹೆಚ್ಚುಕಡಿಮೆ ಅಂಗಳದಲ್ಲೇ ಬದುಕಿದೆ. ಒಂದು ದಿನ ಧೂಳಿನ ಗಾಳಿ ಎದ್ದಿತು. ಶಾಲು ಹಾಯಿಯ ಹಾಗೆ ಉಬ್ಬಿ ಹರಿದುಹೋಗುವುದರಲ್ಲಿತ್ತು. ಮನೆಯಲ್ಲಿದ್ದ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ತಂದು ಸಿಕ್ಕಿಸಿ, ಸಾಲದೆ ಸ್ಟೂಲಿನ ಮೇಲೆ ನಿಂತು ಒಂದು ತುದಿಯನ್ನು ಕೈಯಲ್ಲೇ ಹಿಡಿದುಕೊಂಡೆ. ಕಣ್ಣು, ಮೂಗು, ಬಾಯಿ ಎಲ್ಲ ಮರಳು. ಗಾಳಿಯನ್ನೂ ಬೈದೆ, ಹಾಜಿಯವರನ್ನೂ ಬೈದೆ, ರಾಸ್ ಲಫಾನ್‌ನಲ್ಲಿ ಎ.ಸಿ. ಸ್ಟೋರಿನಲ್ಲಿ ಕೂತ ಗಂಡನನ್ನೂ ಬಿಡಲಿಲ್ಲ.

ಸುದ್ದಿ ನಜ್ಮಾ ಇಡೀ ಹರಡಿತ್ತು. ವಿಮಲಕ್ಕ ಫೋನು ಮಾಡಿದರು. “ಆಯಿಶಾ, ನೀನು ಹಾಜಿಯವರ ತಲೆಯಿಂದಲೇ ಶಾಲು ಎಳೆದೆಯಂತೆ, ಹೌದಾ?”

“ತಲೆಯಿಂದ ಅಲ್ಲ, ಮೊಳೆಯಿಂದ.”

“ಅಯ್ಯೋ, ಹಾಗಾದ್ರೆ ಗೂಡು ನಿಜವಾಗಿಯೂ ಇತ್ತಾ?”

“ಇತ್ತು. ನೀವು ಆ ದಿನ ನಂಬಿದ್ದರೆ ನಾಲ್ಕು ಜನಕ್ಕಾದರೂ ಹೇಳುತ್ತಿದ್ದಿರಿ, ಹಾಜಿಯವರ ಕಿವಿಗೂ ಬೀಳುತ್ತಿತ್ತು,” ಎಂದೆ. ನನಗೆ ಯಾರನ್ನೂ ಸಮಾಧಾನ ಮಾಡುವ ಮನಸ್ಸಿರಲಿಲ್ಲ.

ವಾರದ ನಡುವೆ ಹಿರಿಯ ಅಳಿಯ ಬಂದ. ಬಾಗಿಲ ಹೊರಗಿನಿಂದಲೇ, “ಶಾಲು ಕೊಡ್ಬೇಕಂತೆ,” ಎಂದ. ಬಟ್ಟೆ ಅಂಗಡಿಯವರಿಗೆ ಶಾಲಿಗೆ ಬರವೇ? ಬೇಕಿದ್ದದ್ದು ನಾನು ಬಗ್ಗುವುದು. ಬಾಗಿಲು ತೆರೆಯದೆ, “ಮರಿ ಹಾರಿದ ಮೇಲೆ ತಲುಪಿಸ್ತೇವೆ ಅಂತ ಹೇಳಿ,” ಎಂದೆ. ಅವನು ಬಂದ ದಾರಿ ಹಿಡಿದ.

ಮರಿಗಳು ಹಾರಿದ್ದು ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು. ಮೊದಲನೆಯದು ತಂತಿಯ ಮೇಲೆ ಬಂದು ಕೂತು, ತೂರಾಡಿ, ನೀರಿನ ಟ್ಯಾಂಕಿನ ಮೇಲೆ ಹೋಗಿ ಬಿತ್ತು. ತಾಯಿ ಪಕ್ಕದಲ್ಲೇ ಕೂಗುತ್ತಿತ್ತು. ಎರಡನೆಯದು ತುಂಬಾ ಹೊತ್ತು ಶಾಲಿನ ಅಂಚು ಕಚ್ಚಿ ಹಿಡಿದು ಕೂತಿತ್ತು. “ಹೋಗು ಮಾರಾಯ್ತಿ, ಹೋಗು,” ಎಂದು ನಾನು ಕೆಳಗಿನಿಂದ ಹೇಳುತ್ತಿದ್ದೆ. ಹೋಯಿತು. ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ಗೋಡೆಯಾಚೆ ದಾಟಿದವು. ನಾನು ಅಲ್ಲೇ ಮರಳಿನ ಮೇಲೆ ಕೂತು ನಕ್ಕೆ, ಒಬ್ಬಳೇ, ಹುಚ್ಚಿಯ ಹಾಗೆ.

ಶಾಲನ್ನು ನೆನೆಸಿ, ಒಗೆದು, ಇಸ್ತ್ರಿ ಹಾಕಿ ಕೊಟ್ಟು ಕಳಿಸಿದೆ. ಹಕ್ಕಿಯ ಹಿಕ್ಕೆಯ ಕಲೆ ಪೂರ್ತಿ ಹೋಗಲಿಲ್ಲ. ಇವರು ಅದನ್ನು ವಾಪಸು ತಂದರು. “ಅದು ಇನ್ನು ನನಗೆ ಬೇಡ” ಎಂದರಂತೆ ಹಾಜಿಯವರು. ಬೇಡವಾದರೆ ಬೇಡ. ಕತ್ತರಿಸಿ ಅಡಿಗೆಮನೆಗೆ ಕೈ ಒರೆಸುವ ಬಟ್ಟೆ ಮಾಡಿಕೊಂಡೆ. ಅವರು ಮತ್ತೆ ನಮ್ಮ ಮನೆಗೆ ಕಾಲಿಡಲಿಲ್ಲ. ಪ್ರತಿ ಪೆರ್ನಾಳ್ ಹಬ್ಬಕ್ಕೆ ಇವರೊಬ್ಬರೇ ಹೋಗಿ ಅವರನ್ನು ಕಂಡು ಬರುತ್ತಿದ್ದರು. ನಾನು ತಡೆಯಲಿಲ್ಲ, ಜೊತೆಗೆ ಹೋಗಲೂ ಇಲ್ಲ. ಬಸಳೆ ಚಿಗುರಿತು, ಚಪ್ಪರ ತುಂಬಿತು. ಕತಾರಿನಲ್ಲಿದ್ದಷ್ಟು ದಿನ ನನ್ನನ್ನು ಕೇಳದೆ ಅದರ ಒಂದು ಎಲೆ ಆ ಮನೆಯಿಂದ ಹೊರಗೆ ಹೋಗಲಿಲ್ಲ.

ಈಗ ನಾವು ಊರಿಗೆ ಬಂದು ವರ್ಷಗಳೇ ಆದವು. ಮನೆಗೆ ಹೊಸ ನೆಂಟರು ಬಂದರೆ ಇವರು ಈ ಕತೆಯನ್ನು ಹೇಳುತ್ತಾರೆ. ತುಂಬಾ ಚೆನ್ನಾಗಿ ಹೇಳುತ್ತಾರೆ. ಹಾಜಿಯವರು ಬರಿದಲೆಯಲ್ಲಿ ಕಾರು ಹತ್ತಿದ್ದನ್ನು ಎದ್ದು ನಿಂತು ನಟಿಸಿ ತೋರಿಸುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. “ಕೋಪ ಅಂದ್ರೆ ಇವಳದ್ದು ನೋಡಿ,” ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ಆಮೇಲೆ, “ಕಡೆಗೆ ಎಂತ ಆಯ್ತು? ಮರಿಗಳು ಆರಾಮಾಗಿ ಹಾರಿಹೋದವು!” ಎಂದು ಕತೆ ಮುಗಿಸುತ್ತಾರೆ.

ನನಗೆ ಇಷ್ಟು ವರ್ಷಗಳ ನಂತರವೂ ನಗು ಬರುವುದಿಲ್ಲ. ನಾನು ಎಲ್ಲಿದ್ದರೂ, ಒಲೆಯ ಮುಂದಿದ್ದರೂ, ಸೌಟು ಹಿಡಿದುಕೊಂಡೇ ಹೊರಗೆ ಬಂದು ನೆಂಟರ ಎದುರೇ ಹೇಳುತ್ತೇನೆ:

“ಎರಡು ಹಾರಿದ್ದು. ಮೂರಿದ್ದವು.”